ಸರಕಿನ ಲೆಕ್ಕದಲ್ಲಿ ಮನುಷ್ಯ

ಬಿರುಗಾಳಿಗೆ ಸಿಕ್ಕ ಹಡಗನ್ನು ಹಗುರಗೊಳಿಸಲೆಂದು ಒಬ್ಬ ವರ್ತಕನ ಸರಕನ್ನು ಸಮುದ್ರಕ್ಕೆ ಎಸೆದಾಗ, ಆ ನಷ್ಟವನ್ನು ಅವನೊಬ್ಬನೇ ಹೊರದೆ, ಉಳಿದ ಸರಕುಗಳ ಒಡೆಯರೂ ನೌಕೆಯ ಸ್ವಾಮಿಯೂ ತಮ್ಮ ತಮ್ಮ ಸ್ವತ್ತಿನ ಬೆಲೆಗೆ ಅನುಗುಣವಾಗಿ ಹಂಚಿಕೊಳ್ಳತಕ್ಕದ್ದೆಂಬ ರೋಡ್ಸ್ ದ್ವೀಪದ ಹೆಸರಿನ ನಿಯಮವು, 6ನೆಯ ಶತಮಾನದಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ನ್ಯಾಯಸಂಹಿತೆಯನ್ನು ಸೇರಿ, ಇಂದಿಗೂ ಕಡಲ ನಷ್ಟದ ಹಂಚಿಕೆಯನ್ನು ನಿರ್ಧರಿಸುವ ಯಾರ್ಕ್-ಆಂಟ್ವರ್ಪ್ ನಿಯಮಾವಳಿಯ ರೂಪದಲ್ಲಿ ಬಾಳುತ್ತಿದೆ. ವಾಣಿಜ್ಯದ ನಡುವೆ ಹುಟ್ಟಿದ ಈ ಸಮಭಾಗಿತ್ವವನ್ನು ನಾನು ಧರ್ಮವೆಂದೇ ಕರೆಯುತ್ತೇನೆ. ಸ್ವತಂತ್ರ ಮನುಷ್ಯನ ದೇಹಕ್ಕೆ ಬೆಲೆ ಕಟ್ಟಲಾಗದೆಂಬ ಮಾತೂ ಆ ಸಂಹಿತೆಯಲ್ಲಿಯೇ ಇದೆ. ದಾಸನನ್ನು ಆ ಮಾತು ಒಳಗೊಳ್ಳಲಿಲ್ಲ.

ದಾಸನನ್ನು ಸರಕೆಂದು ಎಣಿಸುವುದರ ಘೋರ ಪರಿಣಾಮ ಕಂಡದ್ದು 1781ರಲ್ಲಿ. ಲಿವರ್‌ಪೂಲಿನ ವರ್ತಕರ ‘ಜಾಂಗ್’ ಎಂಬ ಹಡಗಿನಿಂದ, ಕುಡಿಯುವ ನೀರು ಸಾಲದೆಂಬ ನೆಪದಲ್ಲಿ, ದಾಸರಾಗಿ ಸಾಗಿಸಲಾಗುತ್ತಿದ್ದ 120ಕ್ಕೂ ಹೆಚ್ಚು ಮಂದಿ ಆಫ್ರಿಕನ್ನರನ್ನು ಜೀವಸಹಿತ ಕಡಲಿಗೆ ನೂಕಲಾಯಿತು, ಒಡೆಯರು ತಲೆಗೆ 30 ಪೌಂಡಿನಂತೆ ವಿಮೆಯ ಹಣ ಕೇಳಿದರು, ಜ್ಯೂರಿಯು ಕೊಡಬೇಕೆಂದಿತು. ಕಡೆಯ ತಂಡವನ್ನು ನೂಕುವ ಮುನ್ನವೇ ಮಳೆ ಸುರಿದಿತ್ತೆಂಬ ಸಂಗತಿ ಹೊರಬರಲು, 1783ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡರ ನ್ಯಾಯಪೀಠವು ಮರುವಿಚಾರಣೆಗೆ ಆಜ್ಞಾಪಿಸಿತು. ಆದರೆ ಅಲ್ಲಿಯೂ ಚರ್ಚೆಗೆ ಬಂದುದು ಹಣದ ಹೊಣೆಯೇ ಹೊರತು ಕೊಲೆಯಲ್ಲ.

ಹಡಗನ್ನು ಉಳಿಸಲು ಎಸೆದುದು ತ್ಯಾಗವೆನಿಸಬೇಕಾದರೆ ಬಿಡುವವನು ತನ್ನದನ್ನು ಬಿಡಬೇಕು. ಅನ್ಯನ ಪ್ರಾಣವನ್ನು ತನ್ನ ಸ್ವತ್ತೆಂದು ಬರೆದುಕೊಂಡು, ಆ ಬರಹದ ಬಲದಿಂದ ಅದನ್ನು ಎಸೆದು, ಎಸೆದುದಕ್ಕೆ ಪರಿಹಾರವನ್ನೂ ಬೇಡುವವನ ಮುಂದೆ, ಎಷ್ಟೇ ನಿಷ್ಕೃಷ್ಟವಾದ ಲೆಕ್ಕವಾದರೂ ನ್ಯಾಯವಾದೀತು ಹೇಗೆ? ದಾಸ್ಯವಿರೋಧಿ ಹೋರಾಟಗಾರ ಗ್ರಾನ್‌ವಿಲ್ ಶಾರ್ಪ್ ಈ ಪ್ರಶ್ನೆಯನ್ನೇ ಹಿಡಿದು ಕೊಲೆಯ ಮೊಕದ್ದಮೆಗಾಗಿ ಹೆಣಗಿದರು. ಯಾರಿಗೂ ಶಿಕ್ಷೆಯಾಗಲಿಲ್ಲ, ಬ್ರಿಟಿಷ್ ಪಾರ್ಲಿಮೆಂಟು ದಾಸವ್ಯಾಪಾರವನ್ನೇ ನಿಷೇಧಿಸಿದ್ದು 1807ರಲ್ಲಿ.