ಪುಣ್ಯ ಮಾಡಿ ಬಂದವರು

🪷 *ದಿನದ ಧಮ್ಮ ಚಿಂತನೆ* 🪷



ನಮ್ಮ ಅಜ್ಜಿಯ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಅವಳು ಜೀವಮಾನವೆಲ್ಲ ದುಡಿದ ಜಮೀನ್ದಾರರ ಮನೆಯ ಪಡಸಾಲೆಯಲ್ಲಿ ಆ ಮನೆ ಹೆಂಗಸರ ಫೋಟೋಗಳು ಸಾಲಾಗಿದ್ದವಂತೆ. ಅಜ್ಜಿ ಅವನ್ನು ಅಂಗಳದಲ್ಲಿ ನಿಂತೇ ನೋಡಿದವಳು. "ಪುಣ್ಯ ಮಾಡಿ ಬಂದವರು ಕಣಪ್ಪಾ" ಅನ್ನುತ್ತಿದ್ದಳು.

ಮೊನ್ನೆ ಮಗಳು ಮೊಬೈಲಿನಲ್ಲಿ ಅಮೆರಿಕದ ಒಂದು ಹಳೆಯ ಚಿತ್ರ ತೋರಿಸಿದಾಗ ಈ ಮಾತು ನೆನಪಾಯಿತು. 1758ರ ಸುಮಾರಿಗೆ, ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಬಾಸ್ಟನ್ನಿನ ಜಾನ್ ಸಿಂಗಲ್ಟನ್ ಕಾಪ್ಲಿ ಬರೆದದ್ದು. ಮೇರಿ ಮತ್ತು ಎಲಿಜಬೆತ್ ರಾಯಲ್ ಎಂಬ ಅಕ್ಕತಂಗಿಯರು ಮಿರುಗುವ ರೇಷ್ಮೆ ಉಟ್ಟು ಕೂತಿದ್ದಾರೆ. ಒಬ್ಬಳ ಬೆರಳ ಮೇಲೆ ಪುಟ್ಟ ಹಕ್ಕಿ, ಇನ್ನೊಬ್ಬಳ ಮಡಿಲಲ್ಲಿ ನಾಯಿಮರಿ. ನೋಡಿದರೆ ಯಾರಿಗಾದರೂ "ಪುಣ್ಯವಂತರು" ಅನ್ನಿಸಬೇಕು.

ಆದರೆ ಆ ರೇಷ್ಮೆ ಎಲ್ಲಿಂದ ಬಂತು? ಈ ಮನೆತನದ ಸಿರಿ ಬೆಳೆದದ್ದು ಆಂಟಿಗುವಾ ದ್ವೀಪದ ಕಬ್ಬಿನ ತೋಟದಲ್ಲಿ, ಗುಲಾಮರ ದುಡಿಮೆಯಿಂದ. ಬಾಸ್ಟನ್ ಹತ್ತಿರದ ಮೆಡ್‌ಫರ್ಡಿನ ಅವರ ಬಂಗಲೆಯಲ್ಲೂ ಗುಲಾಮರಿದ್ದರು. ಅವರಲ್ಲಿ ಒಬ್ಬಳು ಬೆಲಿಂಡಾ. ಎಳೆಯ ವಯಸ್ಸಿನಲ್ಲೇ ಆಫ್ರಿಕಾದಿಂದ ಹಿಡಿದು ತಂದ ಹುಡುಗಿ. ಸುಮಾರು ಐವತ್ತು ವರ್ಷ ಆ ಮನೆಗೆ ದುಡಿದಳು. ಅವಳ ಚಿತ್ರವನ್ನು ಯಾರೂ ಬರೆಯಲಿಲ್ಲ.

1783ರಲ್ಲಿ ಬೆಲಿಂಡಾ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟಳು. ನನ್ನ ದುಡಿಮೆಯಿಂದ ಬೆಳೆದ ಆಸ್ತಿಯಲ್ಲಿ ನನಗೂ ಪಾಲು ಬೇಕು ಎಂಬುದು ಅದರ ತಾತ್ಪರ್ಯ. ಸಹಿಯ ಜಾಗದಲ್ಲಿ ಬರೀ ಒಂದು ಗುರುತು, ನಮ್ಮ ಅಜ್ಜಿಯ ಹೆಬ್ಬೆಟ್ಟಿನ ಹಾಗೆ. ವರ್ಷಕ್ಕೆ 15 ಪೌಂಡ್ 12 ಶಿಲಿಂಗ್ ಮಂಜೂರಾಯಿತು. ಕೊಡುವುದು ನಿಂತಾಗ ಅವಳು ಸುಮ್ಮನಾಗಲಿಲ್ಲ, ಮತ್ತೆ ಮತ್ತೆ ಅರ್ಜಿ ಹಾಕಿದಳು.

ಬಂಧುಗಳೇ, ಆ ಅಕ್ಕತಂಗಿಯರನ್ನು ದ್ವೇಷಿಸಬೇಕೇ? ಬೇಡ. ಅವರು ಆ ಹುಟ್ಟನ್ನು ಆರಿಸಿಕೊಂಡವರಲ್ಲ. ಆದರೆ ಅವರು ಪುಣ್ಯ ಮಾಡಿ ಬಂದವರೂ ಅಲ್ಲ, ಬೆಲಿಂಡಾ ಪಾಪ ಮಾಡಿ ಬಂದವಳೂ ಅಲ್ಲ. ಹಿಂದಿನ ಜನ್ಮದ ಕರ್ಮದ ಹೆಸರಿನಲ್ಲಿ ಇಂದಿನ ಅನ್ಯಾಯವನ್ನು ಸಮರ್ಥಿಸುವುದನ್ನು ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿರಸ್ಕರಿಸಿದ್ದಾರೆ. ಪಟಿಚ್ಚಸಮುಪ್ಪಾದ ಹೇಳುವುದೂ ಇದನ್ನೇ: ಕಾರಣವಿದ್ದರೆ ಫಲ, ಕಾರಣ ತೆಗೆದರೆ ಫಲವಿಲ್ಲ. ರೇಷ್ಮೆಯ ಕಾರಣ ಪುಣ್ಯವಲ್ಲ, ಕಬ್ಬಿನ ತೋಟ. ಪುಣ್ಯ ಅಂದುಕೊಂಡರೆ ಕೈಮುಗಿದು ಸುಮ್ಮನಿರುತ್ತೇವೆ. ಕಾರಣ ತಿಳಿದರೆ ಅರ್ಜಿ ಬರೆಯುತ್ತೇವೆ. ಮನುಷ್ಯರ ಮಾರಾಟವನ್ನು ಉಪಾಸಕರು ಮಾಡಬಾರದ ವ್ಯಾಪಾರಗಳಲ್ಲಿ ಒಂದೆಂದು ಭಗವಾನ್ ಬುದ್ಧರು ಎಂದೋ ಹೇಳಿದ್ದರು.

ಕಾರಣ ಹುಡುಕಿದವರು ತಡವಾಗಿಯಾದರೂ ಫಲ ಕಾಣುತ್ತಾರೆ. ರಾಯಲ್ ಕುಟುಂಬದ ದತ್ತಿಯಿಂದ ಹಾರ್ವರ್ಡಿನಲ್ಲಿ ಕಾನೂನು ಪ್ರಾಧ್ಯಾಪಕ ಪೀಠ ಆರಂಭವಾಗಿತ್ತು. ಆ ಕುಟುಂಬದ ಮೂರು ಗೋಧಿ ಸಿವುಡಿನ ಲಾಂಛನವೇ ಅಲ್ಲಿನ ಕಾನೂನು ಶಾಲೆಯ ಲಾಂಛನವೂ ಆಗಿತ್ತು. ವಿದ್ಯಾರ್ಥಿಗಳ ಒತ್ತಾಯದ ಮೇಲೆ 2016ರಲ್ಲಿ ಅದನ್ನು ಕೈಬಿಟ್ಟರು.

ಇಷ್ಟು ಬರೆದು ನಾನೇ ನಾಚಿಕೊಂಡೆ. ಮಗಳ ಮದುವೆ ಆಲ್ಬಮ್ ತೆಗೆದು ನೋಡಿದೆ. ನಾವೆಲ್ಲ ರೇಷ್ಮೆಯಲ್ಲಿದ್ದೇವೆ. ಎರಡು ದಿನ ಪಾತ್ರೆ ತೊಳೆದ ಹೆಂಗಸು ಒಂದು ಫೋಟೋದಲ್ಲೂ ಇಲ್ಲ. ಕೂಲಿಯಲ್ಲಿ ಚೌಕಾಸಿ ಮಾಡಿದ್ದು ನೆನಪಿದೆ, ಹೆಸರು ಕೇಳಿದ್ದು ನೆನಪಿಲ್ಲ. ಅಜ್ಜಿ ನಿಂತಿದ್ದ ಅಂಗಳದಲ್ಲಿ ನಾನು ಇನ್ನೊಬ್ಬಳನ್ನು ನಿಲ್ಲಿಸಿದ್ದೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯ ಒಂದು ಫೋಟೋ ನೋಡಿ. ಅದರಲ್ಲಿ ಕಾಣದ ಯಾರ ದುಡಿಮೆ ಅದರ ಹಿಂದಿದೆ? ಅವರ ಹೆಸರು ಕೇಳಿ ತಿಳಿಯಿರಿ. ಬಾಕಿ ಇದ್ದರೆ ಇಂದೇ ತೀರಿಸಿ. ನಾನೂ ಇವತ್ತು ಅದಕ್ಕೇ ಹೊರಟಿದ್ದೇನೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙🙏