ಬಿಡಿ ಬದಲಾದರೆ ಇಡಿ ಉಳಿಯುವುದೇ

ಪಟಗಳಿಗೆ ಕಟ್ಟು ಹಾಕುವ ಯಂತ್ರವೊಂದು ದಶಕಗಟ್ಟಲೆ ದುಡಿಯುವಾಗ ಅದರ ಭಾಗಗಳು ಒಂದೊಂದಾಗಿ ಸವೆದು ಬದಲಾಗುತ್ತವೆ. ಹೆಚ್ಚಿನ ಭಾಗಗಳೆಲ್ಲ ಹೊಸದಾದ ಮೇಲೂ ಅದು ಅದೇ ಯಂತ್ರವೇ? ಅವಯವ (ಬಿಡಿ) ಮತ್ತು ಅವಯವಿ (ಇಡಿ) ಇವುಗಳ ಸಂಬಂಧ ಕುರಿತು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದು ಇದೇ ಪ್ರಶ್ನೆಯನ್ನು.

ಡೆನ್ಮಾರ್ಕಿನ ಮೊರ್ಸೊ ಮಾದರಿಯ ಕತ್ತರಿಸುವ ಯಂತ್ರದಲ್ಲಿ ಎರಡು ಬ್ಲೇಡುಗಳು ಪರಸ್ಪರ 90 ಡಿಗ್ರಿಯಲ್ಲಿ ಕೂಡಿರುತ್ತವೆ. ಪೆಡಲ್ ತುಳಿದಾಗ ಅವು ಇಳಿದು ಮರದ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತವೆ. ಒಂದು ಕಟ್ಟಿಗೆ ಇಂಥ ಎಂಟು ಓರೆತುದಿಗಳು ಬೇಕು. ಪ್ರತಿ ತುದಿಯೂ ಅರ್ಧ ಡಿಗ್ರಿ ಕಡಿಮೆಯಾದರೆ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದ ಮೇಲೆ ನಾಲ್ಕನೆಯದರಲ್ಲಿ 4 ಡಿಗ್ರಿಯ ಬಿರುಕು ತೆರೆದುಕೊಳ್ಳುತ್ತದೆ. ಅದಕ್ಕಾಗಿಯೇ ಬ್ಲೇಡುಗಳನ್ನು ಜೋಡಿಯಾಗಿಯೇ ಸಾಣೆ ಹಿಡಿಸಬೇಕು. ಒಂದನ್ನೇ ಬದಲಿಸಿದರೆ ಜೋಡಿ ಕೆಡುತ್ತದೆ.

ತಯಾರಕರು ಮಾದರಿಯನ್ನೇ ಕೈಬಿಟ್ಟಾಗ ಬಿಡಿಭಾಗಗಳಿಗೆ ಬೇರೆ ದಾರಿ ಹುಡುಕಬೇಕಾಗುತ್ತದೆ. ಮೂಲೆಗೆ ಮೊಳೆ ಹೊಡೆಯುವ ಗಾಳಿಯಂತ್ರದ ರಬ್ಬರ್ ಸೀಲು, ಒಳವ್ಯಾಸ ಮತ್ತು ದಪ್ಪ ಹೇಳಿದರೆ, ಬೇರಿಂಗ್ ಅಂಗಡಿಯಲ್ಲಿ ಸಿಗಬಹುದು. ಸ್ಪ್ರಿಂಗಿಗೆ ತಂತಿಯ ದಪ್ಪ, ಹೊರವ್ಯಾಸ, ಉದ್ದ, ಸುತ್ತುಗಳ ಎಣಿಕೆ ಸಾಕು. ಬುಷ್ ಮಾತ್ರ ಲೇತಿನಲ್ಲೇ ಆಗಬೇಕು. ಮೈಸೂರು–ನಂಜನಗೂಡು ರಸ್ತೆಯ ಕಡಕೊಳದಂಥ ಕೈಗಾರಿಕಾ ಪ್ರದೇಶದಲ್ಲಿ ಟರ್ನರ್ ಕೈಗೆ ಬರುವುದು ಸವೆದ ಬುಷ್ಷೇ ಹೊರತು ನಕ್ಷೆಯಲ್ಲ. ಅದನ್ನು ಇದ್ದಂತೆಯೇ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ. ಬಲ್ಲ ಟರ್ನರ್ ಸವೆಯದೆ ಉಳಿದ ಅಂಚನ್ನು ಅಳೆಯುತ್ತಾನೆ, ಬುಷ್ ಕೂರುವ ದಂಡವನ್ನು ಅಳೆಯುತ್ತಾನೆ, ಅಲ್ಲಿಂದ ಮೂಲದ ಅಳತೆಯನ್ನು ಊಹಿಸುತ್ತಾನೆ. ದರ್ಶನದ ಪ್ರಶ್ನೆಗೆ ಈ ಕೆಲಸದಲ್ಲಿ ಒಂದು ಉತ್ತರವೇ ಅಡಗಿದೆ: ಬಿಡಿಯನ್ನು ಮಾಡಲು ಮೊದಲು ಇಡಿಯ ಅರಿವು ಬೇಕು.

ಬೌದ್ಧ ಗ್ರಂಥ ಮಿಲಿಂದ ಪನ್ಹದಲ್ಲಿ ಭಿಕ್ಷು ನಾಗಸೇನನು ರಥದ ಚಕ್ರ, ಅಚ್ಚು, ನೊಗಗಳಲ್ಲಿ ಯಾವುದೂ ರಥವಲ್ಲ, ರಥವೆಂಬುದು ಭಾಗಗಳ ಕೂಟಕ್ಕೆ ಇಟ್ಟ ಹೆಸರಷ್ಟೇ ಎಂದು ರಾಜನಿಗೆ ತಿಳಿಸಿಕೊಡುತ್ತಾನೆ. ಉದ್ಯೋತಕರನಂಥ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಿ ಅವಯವಗಳಲ್ಲಿ ಸಮವಾಯದಿಂದ, ಅಂದರೆ ಬಿಡಿಸಲಾಗದ ಸಂಬಂಧದಿಂದ, ನೆಲೆಸಿದ ಬೇರೆಯದೇ ವಸ್ತು ಎಂಬುದು ಅವರ ನಿಲುವು. ಆದರೆ ನ್ಯಾಯ–ವೈಶೇಷಿಕರ ಲೆಕ್ಕದಲ್ಲಿ ಒಂದು ಭಾಗ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಸೀಲು ಬದಲಿಸಿದಾಗಲೆಲ್ಲ ಹೊಸ ಯಂತ್ರ! ದುರಸ್ತಿ ಎಂಬ ಮಾತಿಗೇ ಅಲ್ಲಿ ಜಾಗ ಕಿರಿದು. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಕೂಡಿದ್ದೇ ಸತ್ ಎಂದ ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ದುರಸ್ತಿಯ ಅನುಭವಕ್ಕೆ ಹೆಚ್ಚು ಹತ್ತಿರ. ಹಳೆಯ ಬುಷ್ ಹೋಗುತ್ತದೆ, ಹೊಸದು ಬರುತ್ತದೆ, 45 ಡಿಗ್ರಿ ನಿಲ್ಲುತ್ತದೆ.

ತೊಡಕಿನ ಸಂದರ್ಭವೊಂದನ್ನು ಇಂಗ್ಲೆಂಡಿನ ಥಾಮಸ್ ಹಾಬ್ಸ್ ಎತ್ತಿದ್ದ. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದ ಥೀಸಿಯಸ್‌ನ ಹಡಗಿನಿಂದ ತೆಗೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಮತ್ತೊಂದು ಹಡಗು ಕಟ್ಟಿದರೆ ನಿಜವಾದ ಹಡಗು ಯಾವುದು? ಗುಜರಿಗೆ ಬಂದ ಎರಡು ಯಂತ್ರಗಳನ್ನು ಬಿಚ್ಚಿ ಒಂದನ್ನು ನಡೆಯುವಂತೆ ಮಾಡುವವರಿಗೆ ಇದು ಬರಿಯ ಕಲ್ಪನೆಯಲ್ಲ.

ಆಗಮ ಸಂಪ್ರದಾಯ ಇಂಥ ಪ್ರಶ್ನೆಯನ್ನು ವಿಧಿಯ ಮೂಲಕ ಬಿಡಿಸುತ್ತದೆ. ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣ ಮಾಡಿ ಸಾನ್ನಿಧ್ಯವನ್ನು ಕಲಶಕ್ಕೆ ತಂದು ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಡುತ್ತಾರೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ. ಪುರಿಯಲ್ಲಿ 2015ರ ನವಕಳೇಬರದಲ್ಲಿ ವಿಗ್ರಹಗಳೇ ಹೊಸದಾದವು, ಬ್ರಹ್ಮಪದಾರ್ಥ ಹಳೆಯದರಿಂದ ಹೊಸದಕ್ಕೆ ದಾಟಿತು. ಯಂತ್ರಕ್ಕೆ ಅಂಥ ಪದಾರ್ಥವಿಲ್ಲ. ದಾಟುವುದು ಅಳತೆ ಮತ್ತು ಅದನ್ನು ಬಲ್ಲ ಕೈಯ ತಿಳಿವಳಿಕೆ. ಆಯುಧಪೂಜೆಯಂದು ಕುಂಕುಮ ಹಚ್ಚಿಸಿಕೊಳ್ಳುವ ಯಂತ್ರ ಕಳೆದ ವರ್ಷದ್ದೇ ಎನ್ನಲು ಇದು ಸಾಕಾದ ಆಧಾರ. ಪೂಜೆಗೆ ಮುನ್ನ ಒರೆಸಿ ಎಣ್ಣೆ ಬಿಡುವಾಗ ಸವೆತ ಕಣ್ಣಿಗೆ ಬೀಳುವುದರಿಂದ, ಆ ದಿನ ಬ್ಲೇಡು, ಬುಷ್ಷುಗಳ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವುದೂ ಪೂಜೆಯ ಭಾಗವೇ ಆಗಬೇಕು.

ಹೀಗೆ ನೋಡಿದರೆ ಗುಜರಿಯ ಆ ಎರಡು ಯಂತ್ರಗಳಲ್ಲಿ ಯಾವುದು ಉಳಿಯಿತು ಎಂಬುದನ್ನು ತೀರ್ಮಾನಿಸುವುದು ಎರಕದ ಒಡಲು. ಬ್ಲೇಡಿನ ಜಾರುದಾರಿ, ಪಟ್ಟಿ ಆನಿಕೊಳ್ಳುವ ಅಡ್ಡಪಟ್ಟಿ, ಎಲ್ಲದರ ಅಳತೆಯೂ ಅದಕ್ಕೇ ಹೊಂದಿಕೊಂಡಿರುತ್ತದೆ. ಒಡಲು ಬಿರಿದು ಕೋನ ನಿಲ್ಲದಾದಾಗ ಯಂತ್ರ ಮುಗಿಯಿತು. ಅದರ ಗಟ್ಟಿ ಸ್ಪ್ರಿಂಗು, ಪೆಡಲುಗಳು ಇನ್ನೊಂದರ ಅವಯವಗಳಾಗುತ್ತವೆ.