ಚಾಲಕನ ನಿದ್ದೆ

ಬೈಂದೂರಿನಿಂದ ಬೆಳಗಿನ ಜಾವ ಹೊರಟು, ಕುಂದಾಪುರ, ಬ್ರಹ್ಮಾವರದಲ್ಲಿ ಜನ ಹತ್ತಿಸಿಕೊಂಡು, ಶೃಂಗೇರಿ, ಹೊರನಾಡು, ಧರ್ಮಸ್ಥಳ ಮುಗಿಸಿ ರಾತ್ರಿಯೇ ಮನೆ ಸೇರುವ ಯಾತ್ರೆ ನಮ್ಮ ಕಡೆ ಹೊಸತೇನಲ್ಲ. ಸಂಜೆಯಾಗುತ್ತಲೇ ಹಿಂದಿನ ಸೀಟಿನಿಂದ ದನಿಯೇಳುತ್ತದೆ: "ಹ್ವಾಯ್, ಇಷ್ಟ್ ದೂರ ಬಂದ್ ಕಟೀಲಿಗ್ ಹೋಗ್ದೆ ಇಪ್ಪುದಾ?" ಚಾಲಕ "ಅಡ್ಡಿಲ್ಲೆ" ಎನ್ನುತ್ತಾನೆ.

ಈ 'ಅಡ್ಡಿಲ್ಲೆ'ಯನ್ನು ಒಪ್ಪಿಗೆಯೆಂದು ತಿಳಿಯಬಹುದೇ? ಮುಂದಿನ ಬಾಡಿಗೆಯ ಆಸೆಯಲ್ಲಿರುವವನು 40 ಮಂದಿ ಭಕ್ತರೆದುರು, ಅದೂ ದೇವರ ಹೆಸರಿಗೆ, ಇಲ್ಲವೆನ್ನುವುದು ಹೇಗೆ? ದುಡ್ಡು ಕೊಟ್ಟಿದ್ದೇವಲ್ಲ ಎನ್ನುವವರುಂಟು. ಕೊಟ್ಟದ್ದು ಬಸ್ಸಿಗೆ, ಅವನ ನಿದ್ದೆಗಲ್ಲ. ನಾವು ಗೊರಕೆ ಹೊಡೆಯುವುದಾದರೂ ಅವನ ಎಚ್ಚರವನ್ನು ನಂಬಿ ತಾನೆ!

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆಯ ದುಡಿಮೆಯೆಂದು ಬರೆದಿತ್ತು. ದೂರದ ಹಾದಿಗೆ 10. ಯಾತ್ರೆಯ ದಿನ ಅದನ್ನು ನೆನೆದವರನ್ನು ನಾನು ಕಂಡಿಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದವನಿಗೆ 45 ನಿಮಿಷದ ವಿರಾಮ ಕಡ್ಡಾಯ. ಬಸ್ಸಿನೊಳಗಿನ ಯಂತ್ರವೇ ಲೆಕ್ಕವಿಡುತ್ತದೆ. ಪ್ರವಾಸಿಗಳು ಗೊಣಗಿದರೆ ಗೊಣಗಲಿ. ಇದೆಲ್ಲ ಬರೀ ಯಾಂತ್ರಿಕವೆಂದು ಮೂಗು ಮುರಿಯುವವರಿದ್ದಾರೆ. ನನಗೇನೋ ಅದರಲ್ಲಿ ದಯೆಯೇ ಕಾಣುತ್ತದೆ: 'ಆಗದು' ಎನ್ನುವ ಮುಜುಗರದಿಂದ ಅದು ಆ ಬಡಪಾಯಿಯನ್ನು ಪಾರುಮಾಡಿದೆ. ನಮ್ಮಲ್ಲಿ ಆ ಮಾತನ್ನು ಪ್ರಯಾಣಿಕರಲ್ಲೇ ಯಾರಾದರೂ ಆಡಬೇಕು. ಆಡಿದವನಿಗೆ ಮನೆಯವರಿಂದಲೇ 'ಭಕ್ತಿಯಿಲ್ಲದವ' ಎಂಬ ಬಿರುದು ಸಿಗುತ್ತದೆ, ಅಷ್ಟೆ.